ಜರ್ಮನಿಯಲ್ಲಿ ಹೊಸ ಬಾಡಿಗೆ ಮನೆ: ಕರೆಂಟ್ ಕಂಪನಿ ಯಾವುದು, ಯಾವಾಗ, ಹೇಗೆ?

ಲೈಪ್‌ಜಿಗ್ ಹೊಸಬಳು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಂದನೇ ತಾರೀಖಿಗೆ ನಾನು, ನನ್ನ ಗಂಡ ಲೈಪ್‌ಜಿಗ್‌ನಲ್ಲಿ ಎರಡು ಕೋಣೆಯ ಮನೆಗೆ ಹೋಗ್ತಿದ್ದೀವಿ. ಇಲ್ಲಿವರೆಗೂ ಆಫೀಸಿನವರು ಕೊಡಿಸಿದ್ದ ಫರ್ನಿಶ್ಡ್ ಮನೆಯಲ್ಲಿದ್ವಿ. ಕರೆಂಟು, ಇಂಟರ್ನೆಟ್ಟು ಎಲ್ಲಾ ಬಾಡಿಗೆಯಲ್ಲೇ ಸೇರಿತ್ತು. ಈಗಿನ ಕರಾರಿನಲ್ಲಿ ನೀರು, ಹೀಟಿಂಗ್, ಕಸ ಎಲ್ಲಾ ಸೇರಿಸಿ ವಾರ್ಮ್‌ಮೀಟೆ ಇಷ್ಟು ಅಂತ ಬರೆದು, ಕೆಳಗೆ ಕರೆಂಟನ್ನ ಬಾಡಿಗೆದಾರರೇ ಮಾಡಿಸಿಕೊಳ್ಳಬೇಕು ಅಂತ ಒಂದು ಸಾಲು ಹಾಕಿದ್ದಾರೆ.

ಬೆಂಗಳೂರಲ್ಲಿ ಬಾಡಿಗೆಗಿದ್ದಾಗ ಬೆಸ್ಕಾಂ ಬಿಲ್ ಓನರ್ ಹೆಸರಲ್ಲೇ ಬರ್ತಿತ್ತು, ನಾವು ಫೋನಲ್ಲಿ ನಂಬರ್ ಹಾಕಿ ಕಟ್ತಿದ್ವಿ. ಕಂಪನಿ ಆರಿಸೋ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ಹೋಲಿಕೆ ಮಾಡೋ ಸೈಟಿಗೆ ಹೋಗಿ ಪಿನ್‌ಕೋಡ್ ಹಾಕಿದ್ರೆ ಪುಟಗಟ್ಟಲೆ ಪಟ್ಟಿ ಬರುತ್ತೆ. ಕೆಲವು ಹೆಸರು ಕೇಳಿಯೇ ಇಲ್ಲ. ನನ್ನ ಪ್ರಶ್ನೆ ಇಷ್ಟು: ಒಂದನೇ ತಾರೀಖಿನೊಳಗೆ ಯಾರನ್ನೂ ಆರಿಸದಿದ್ರೆ ಮನೆಯಲ್ಲಿ ಕತ್ತಲೆಯಾ? ಈಗಲೇ ಆರಿಸಬೇಕಾ, ಹೋದಮೇಲೆ ಆರಿಸಬಹುದಾ? ಯಾವುದನ್ನ ನೋಡಿ ಆರಿಸಬೇಕು?

ಮೈಸೂರು ಟು ಮ್ಯೂನಿಕ್

ಕತ್ತಲೆಯ ಭಯ ಬಿಡಿ. ಕೀ ಸಿಕ್ಕ ದಿನ ಸ್ವಿಚ್ ಹಾಕಿದ್ರೆ ದೀಪ ಹತ್ತುತ್ತೆ. ಜರ್ಮನಿಯಲ್ಲಿ ಪ್ರತಿ ಪ್ರದೇಶಕ್ಕೂ ಒಂದು ಗ್ರುಂಡ್‌ಫೆರ್‌ಸೋರ್ಗರ್ ಇರುತ್ತೆ. ಆ ಜಾಗದಲ್ಲಿ ಅತಿ ಹೆಚ್ಚು ಮನೆಗಳಿಗೆ ಕರೆಂಟ್ ಮಾರುವ ಕಂಪನಿ ಯಾವುದೋ ಅದೇ, ಬಹಳ ಊರುಗಳಲ್ಲಿ ಅಲ್ಲಿನ ನಗರಸಭೆಯ ಕಂಪನಿ, ಅಂದರೆ ಶ್ಟಾಟ್‌ವೆರ್ಕೆ. ಮೂರು ವರ್ಷಕ್ಕೊಮ್ಮೆ ಇದನ್ನ ಲೆಕ್ಕ ಹಾಕಿ ನಿಗದಿ ಮಾಡ್ತಾರೆ. ನೀವು ಯಾರ ಹತ್ತಿರವೂ ಒಪ್ಪಂದ ಮಾಡಿಕೊಳ್ಳದೆ ಫ್ರಿಜ್ ಆನ್ ಮಾಡಿದ್ರೂ ಸಾಕು, ಕಾನೂನಿನ ಪ್ರಕಾರ ನೀವು ಅವರ ಗ್ರಾಹಕರು. ಸಹಿ ಬೇಕಿಲ್ಲ, ಫೋನ್ ಬೇಕಿಲ್ಲ. ಕೆಲವು ದಿನಕ್ಕೋ ವಾರಕ್ಕೋ ಅವರಿಂದ ಒಂದು ಕಾಗದ ಬರುತ್ತೆ.

ತಂತಿ, ಮೀಟರ್ ನೋಡಿಕೊಳ್ಳೋರು ಬೇರೆ, ಕರೆಂಟ್ ಮಾರೋರು ಬೇರೆ. ನಮ್ಮಲ್ಲಿ ಬೆಸ್ಕಾಂ, ಚೆಸ್ಕಾಂ ಎರಡೂ ಕೆಲಸ ಮಾಡುತ್ತೆ. ಇಲ್ಲಿ 1998ರಲ್ಲೇ ಮಾರುಕಟ್ಟೆ ತೆರೆದು ಮಾರುವ ಕೆಲಸವನ್ನ ಯಾರು ಬೇಕಾದರೂ ಮಾಡಬಹುದು ಅಂದ್ರು. ಹಾಗಾಗಿ ಕಂಪನಿ ಬದಲಿಸಿದ್ರೆ ಮನೆಗೆ ಯಾರೂ ಬರಲ್ಲ, ವೈರ್ ಮುಟ್ಟಲ್ಲ, ಒಂದು ಕ್ಷಣವೂ ಕರೆಂಟ್ ಹೋಗಲ್ಲ. ಬಿಲ್ ಕಳಿಸೋರು ಬದಲಾಗ್ತಾರೆ, ಅಷ್ಟೇ.

ಆದ್ರೆ ಈ ತಾನಾಗಿ ಬರುವ ದರ ಸಾಮಾನ್ಯವಾಗಿ ದುಬಾರಿ. ಹೊಸ ಗ್ರಾಹಕರಿಗೆ ಹೊರಗಡೆ ಸಿಗುವ ದರಕ್ಕೂ ಇದಕ್ಕೂ ಯೂನಿಟ್‌ಗೆ ಹತ್ತು ಸೆಂಟ್‌ಗಿಂತ ಹೆಚ್ಚು ವ್ಯತ್ಯಾಸ ಇರೋದು ಅಪರೂಪವೇನಲ್ಲ. ಸುಮ್ಮನೆ ಕೂತವರು ವರ್ಷಾನುಗಟ್ಟಲೆ ಅದನ್ನೇ ಕಟ್ಟಿಕೊಂಡು ಹೋಗ್ತಾರೆ. ನಮ್ಮವರಲ್ಲೇ ಅಂಥವರು ಬಹಳ ಜನ ಇದ್ದಾರೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಬರ್ಲಿನ್ ಅಕ್ಕ

ಮೈಸೂರಿನವರು ಹೇಳಿದ್ದು ಸರಿ. ಆದರೆ "ಹೋದಮೇಲೆ ನಿಧಾನಕ್ಕೆ ಮಾಡಿ" ಅನ್ನೋ ಹಳೇ ಸಲಹೆ ಯಾರಾದ್ರೂ ಕೊಟ್ಟರೆ ಈಗ ಕೇಳಬೇಡಮ್ಮ. ಮೊದಲು ಮನೆಗೆ ಹೋಗಿ ಆರು ವಾರದವರೆಗೂ ಹಿಂದಿನ ತಾರೀಖು ಹಾಕಿ ಹೊಸ ಕಂಪನಿಯಲ್ಲಿ ನೋಂದಾಯಿಸಬಹುದಿತ್ತು. 2025ರ ಜೂನ್ 6ರಿಂದ ಅದು ನಿಂತುಹೋಯ್ತು. ಅವತ್ತಿನಿಂದ ಕಂಪನಿ ಬದಲಾವಣೆಯ ತಾಂತ್ರಿಕ ಕೆಲಸವನ್ನ ಕೆಲಸದ ದಿನಗಳಲ್ಲಿ 24 ಗಂಟೆಯೊಳಗೆ ಮುಗಿಸಬೇಕು ಅಂತ ನಿಯಮ ಬಂತು, ಅದರ ಜೊತೆಗೇ ಹಿಂದಿನ ತಾರೀಖು ಹಾಕುವ ಅವಕಾಶ ಹೋಯ್ತು.

ಇದರ ಅರ್ಥ: ನೀನು ಒಂದನೇ ತಾರೀಖಿಗೆ ಹೋಗಿ ಹತ್ತನೇ ತಾರೀಖಿಗೆ ಆರಿಸಿದರೆ ಮಧ್ಯದ ದಿನಗಳು ಗ್ರುಂಡ್‌ಫೆರ್‌ಸೋರ್ಗರ್ ದರಕ್ಕೇ. ಮೇಲಾಗಿ ಅವರಿಗೆ ಎರಡು ವಾರದ ನೋಟಿಸ್ ಬೇರೆ ಕೊಡಬೇಕು. ಎರಡು ವಾರ ಅಂದರೆ ದೊಡ್ಡದಲ್ಲ, ಯಾವಾಗ ಬೇಕಾದರೂ ಕೊಡಬಹುದು, ಬಿಟ್ಟುಹೋಗೋದಕ್ಕೆ ಅವರು ಶುಲ್ಕವನ್ನೂ ಕೇಳೋ ಹಾಗಿಲ್ಲ. ಆದರೂ ಮೊದಲೇ ಗೊತ್ತಿರುವಾಗ ಯಾಕೆ ಕಟ್ಟಬೇಕು? ಕರಾರಿಗೆ ಸಹಿ ಬಿದ್ದಿದೆ, ತಾರೀಖು ಗೊತ್ತಿದೆ. ಈ ವಾರವೇ ಆರಿಸಿ, ಸರಬರಾಜು ಶುರುವಾಗುವ ದಿನ ಅಂತ ಒಂದನೇ ತಾರೀಖು ಹಾಕು. ಫಾರಂನಲ್ಲಿ "ಕಂಪನಿ ಬದಲಾವಣೆ" ಬೇರೆ, "ಹೊಸ ಮನೆಗೆ ಹೋಗ್ತಿದ್ದೀನಿ" ಬೇರೆ. ಎರಡನೆಯದು, ಅಂದರೆ ಐನ್‌ಟ್ಸುಗ್ ಅಂತ ಇರೋದನ್ನೇ ಒತ್ತು.

ಮೀಟರ್ ನಂಬರ್ ಕೇಳ್ತಾರೆ. ಅದರ ಜೊತೆ ಹನ್ನೊಂದು ಅಂಕಿಯ ಮಾಲೋ ಐಡಿ ಅಂತ ಒಂದಿರುತ್ತೆ. ಮೀಟರ್ ಪೆಟ್ಟಿಗೆ ಬದಲಾದರೂ ಅದು ಬದಲಾಗಲ್ಲ, ಆ ಮನೆಯ ಕರೆಂಟ್ ಜಾಗಕ್ಕೆ ಅಂಟಿಕೊಂಡ ನಂಬರ್. ಹಳೇ ಬಾಡಿಗೆದಾರರ ಬಿಲ್ಲಿನಲ್ಲಿ ಇರುತ್ತೆ. ಓನರ್‌ಗೋ ಮನೆ ನೋಡಿಕೊಳ್ಳೋ ಹೌಸ್‌ಫೆರ್‌ವಾಲ್ಟುಂಗ್‌ಗೋ ಇವತ್ತೇ ಮೇಲ್ ಹಾಕಿ ಎರಡೂ ನಂಬರ್ ಕೇಳು. ಇವು ಕೈಗೆ ಬಂದರೆ ಅರ್ಧ ಕೆಲಸ ಆದ ಹಾಗೆ.

ಹುಬ್ಬಳ್ಳಿ ಮಂದಿ, ಸ್ಟುಟ್‌ಗಾರ್ಟ್

ಅಕ್ಕಾರು ಛಲೋ ಹೇಳ್ಯಾರ. ನಾ ಮೀಟರ್ ಬಗ್ಗೆ ಅಷ್ಟ ಹೇಳ್ತೀನ್ರಿ, ಯಾಕಂದ್ರ ಜಗಳ ಎಲ್ಲಾ ಅಲ್ಲಿಂದನ ಹುಟ್ಟತಾವು.

ಕೀ ತಗೊಳ್ಳೋ ದಿನ ಓನರ್ ಜೋಡಿ ಮನೆ ತುಂಬ ಓಡಾಡಿ ಗ್ವಾಡಿ, ಕಿಟಕಿ, ನೆಲ ಎಲ್ಲಾ ನೋಡಿ ಒಂದು ಯೂಬರ್‌ಗಾಬೆ ಪ್ರೊಟೊಕೋಲ್ ಬರೀತಾರ. ಅದರಾಗ ಮೀಟರ್ ನಂಬರ್ ಮತ್ತ ಅವತ್ತಿನ ರೀಡಿಂಗ್ ಬರಸ್ರಿ. ಬರಸಿ ಸುಮ್ನ ಇರಬ್ಯಾಡ್ರಿ, ಕೆಳಗ ನೆಲಮಾಳಿಗಿ, ಅಂದ್ರ ಕೆಲ್ಲರ್‌ಗೆ ಇಳದು ನೀವ ಖುದ್ದ ನೋಡ್ರಿ. ಹಳೇ ಕಟ್ಟಡದಾಗ ಎಲ್ಲಾ ಮನಿಗಳ ಮೀಟರ್ ಒಂದ ಕಪಾಟಿನಾಗ ಸಾಲಾಗಿ ಇರ್ತಾವು. ಯಾವುದು ಯಾರದು ಅನ್ನೋ ಚೀಟಿ ಎಷ್ಟೋ ಕಡೆ ಮಾಸಿರ್ತದ, ಇಲ್ಲಾ ಹತ್ತು ವರ್ಷದ ಹಿಂದ ಇದ್ದವರ ಹೆಸರು ಇರ್ತದ. ಅನುಮಾನ ಬಂದ್ರ ನಿಮ್ಮ ಮನಿ ಫ್ಯೂಸ್ ಒಮ್ಮೆ ಆಫ್ ಮಾಡಿ ಯಾವ ಮೀಟರ್ ನಿಂತದ ನೋಡ್ರಿ.

ಹಳೇ ಕರಿ ಮೀಟರ್ ಆಗಿದ್ರ ಗಾಲಿ ತಿರಗತಿರತದ, ಅಂಕಿ ಎದುರಿಗೆ ಕಾಣತದ. ಕೆಂಪು ಚೌಕದಾಗಿನ ಕಡೀ ಅಂಕಿ ದಶಾಂಶ, ಅದನ್ನ ಬರೀಬಾರದು. ಹೊಸ ಡಿಜಿಟಲ್ ಮೀಟರ್ ಆಗಿದ್ರ 1.8.0 ಅಂತ ಬರೋ ಸಾಲಿನಾಗ ಇರೋದು ನೀವು ಬಳಸಿದ್ದು. 2.8.0 ಅಂತ ಬಂದ್ರ ಅದು ಸೋಲಾರ್ ಹಾಕಿದವರು ವಾಪಸ್ ಕೊಟ್ಟಿದ್ದು, ನಿಮಗ ಸಂಬಂಧ ಇಲ್ಲ. ಈ ಡಿಜಿಟಲ್ ಮೀಟರ್‌ನ್ಯಾಗ ದಿನದ, ವಾರದ ಲೆಕ್ಕ ನೋಡಬೇಕಂದ್ರ ಒಂದು ಪಿನ್ ಬೇಕು. ಮೀಟರ್ ನಡಸೋ ಕಂಪನಿಗೆ ಕೇಳಿದ್ರ ಕೊಡತಾರ. ಬಟನ್ ಇರದ ಮೀಟರ್ ಆಗಿದ್ರ ಮೊಬೈಲ್ ಟಾರ್ಚ್ ಬೆಳಕನ್ನ ಮೀಟರ್‌ನ ಸಣ್ಣ ಕಣ್ಣಿಗೆ ಮಿಣಕ್ ಮಿಣಕ್ ಅಂತ ಬಿಟ್ಟು ಒಂದೊಂದ ಅಂಕಿ ಹಾಕಬೇಕು. ಎರಡು ಸಲ ಮಾಡಿದ್ರ ಕೈ ಕುಂದ್ರತದ.

ಮೀಟರ್ ನಂಬರ್ ಮತ್ತ ರೀಡಿಂಗ್ ಎರಡೂ ಒಂದ ಫೋಟೋದಾಗ ಬರೋ ಹಂಗ ತಗೀರಿ. ನಮ್ಮ ಗೆಳೆಯಾ ಒಬ್ಬಂವಗ ಹಿಂದಿನ ಬಾಡಿಗಿಯವರು ಬಳಸಿದ್ದೂ ಸೇರಿ ಬಿಲ್ ಬಂದಿತ್ತು. ಕೀ ತಗೊಂಡ ದಿನದ ಫೋಟೋ, ಓನರ್ ಸಹಿ ಮಾಡಿದ ಕಾಗದ ಎರಡೂ ಕಳಿಸಿದ, ತಿದ್ದಿ ಕೊಟ್ರು. ಅವೆರಡೂ ಇಲ್ಲಂದ್ರ ಅಂವಾ ಯಾರ ಮುಂದ ಏನ್ ತೋರಸಬೇಕಿತ್ತು ಹೇಳ್ರಿ.

ಕರಾವಳಿ, ಹ್ಯಾಂಬರ್ಗ್

ಆರಿಸುವ ವಿಷಯಕ್ಕೆ ಬರ್ತೇನೆ. ದರದಲ್ಲಿ ಎರಡು ಭಾಗ ಉಂಟು. ಬಳಸಲಿ ಬಿಡಲಿ ತಿಂಗಳಿಗೆ ಇಷ್ಟು ಅಂತ ಕಟ್ಟುವುದು ಗ್ರುಂಡ್‌ಪ್ರೈಸ್. ಬಳಸಿದ ಪ್ರತಿ ಯೂನಿಟ್‌ಗೆ ಇಷ್ಟು ಸೆಂಟ್ ಅನ್ನುವುದು ಅರ್ಬೈಟ್ಸ್‌ಪ್ರೈಸ್. ಜಾಹೀರಾತಿನಲ್ಲಿ ಒಂದನ್ನು ದೊಡ್ಡದಾಗಿ ತೋರಿಸ್ತಾರೆ. ಎರಡನ್ನೂ ಸೇರಿಸಿ ನಿಮ್ಮ ಬಳಕೆಗೆ ಲೆಕ್ಕ ಹಾಕದೆ ಯಾವುದು ಅಗ್ಗ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಲೆಕ್ಕಕ್ಕೆ ಅಂತ ಎರಡು ದರ ಇಟ್ಟುಕೊಳ್ಳುವ. ಒಂದರಲ್ಲಿ ಯೂನಿಟ್‌ಗೆ 28 ಸೆಂಟ್, ತಿಂಗಳಿಗೆ 18 ಯೂರೋ. ಇನ್ನೊಂದರಲ್ಲಿ ಯೂನಿಟ್‌ಗೆ 32 ಸೆಂಟ್, ತಿಂಗಳಿಗೆ 9 ಯೂರೋ. ಫ್ಲಾಟಿನಲ್ಲಿ ಇಬ್ಬರೇ ಇದ್ದರೆ ವರ್ಷಕ್ಕೆ ಸುಮಾರು 2000 ಯೂನಿಟ್ ಅಂತ ಹಿಡಿಯಬಹುದು. ಮೊದಲನೆಯದಕ್ಕೆ 560 ಪ್ಲಸ್ 216, ಒಟ್ಟು 776 ಯೂರೋ. ಎರಡನೆಯದಕ್ಕೆ 640 ಪ್ಲಸ್ 108, ಒಟ್ಟು 748. ಯೂನಿಟ್ ದರ ಹೆಚ್ಚಿದ್ದರೂ ಎರಡನೆಯದೇ ಅಗ್ಗ ಆಯ್ತಲ್ಲ. ಒಬ್ಬರೇ ಇರುವವರಿಗೆ ಈ ವ್ಯತ್ಯಾಸ ಇನ್ನೂ ದೊಡ್ಡದು.

ಮತ್ತೆ ಬೋನಸ್. ವೆರಿವಾಕ್ಸ್, ಚೆಕ್24 ಅಂಥ ಸೈಟುಗಳಲ್ಲಿ ಪಟ್ಟಿಯ ಮೇಲ್ತುದಿಯಲ್ಲಿ ಕಾಣುವ ಮೊತ್ತದಲ್ಲಿ ಬೋನಸ್ ಕಳೆದಿರ್ತದೆ. ಫಿಲ್ಟರ್‌ಗೆ ಹೋಗಿ ಬೋನಸ್ ಲೆಕ್ಕ ತೆಗೆದು ಇನ್ನೊಮ್ಮೆ ನೋಡಿ, ಪಟ್ಟಿ ತಲೆಕೆಳಗಾಗ್ತದೆ. ಬೋನಸ್ ಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಅದು ಮೊದಲ ವರ್ಷದ ದುಡ್ಡು. ಎರಡನೇ ವರ್ಷಕ್ಕೆ ಮತ್ತೆ ಬದಲಿಸುವ ತಾಳ್ಮೆ ಇದ್ದವರಿಗೆ ಮಾತ್ರ ಲಾಭ.

ದರ ಏರಿಸುವುದಿಲ್ಲ ಅನ್ನುವ ಪ್ರೈಸ್‌ಗರಂಟಿ ಎಷ್ಟು ತಿಂಗಳಿಗೆ ಅಂತ ನೋಡಿ, ಒಪ್ಪಂದ ಎಷ್ಟು ತಿಂಗಳೋ ಗ್ಯಾರಂಟಿಯೂ ಅಷ್ಟೇ ಇರಬೇಕು. ಒಂದು ವರ್ಷದ ಬಿಲ್ ಮುಂಗಡ ಕಟ್ಟಿ ಅನ್ನುವ ಕಂಪನಿ ಎಷ್ಟೇ ಅಗ್ಗ ಆಗಲಿ, ಬೇಡವೇ ಬೇಡ. ಕಂಪನಿ ಮುಳುಗಿದರೆ ದುಡ್ಡೂ ಮುಳುಗ್ತದೆ. 2021ರ ಕೊನೆಯಲ್ಲಿ ಮಾರುಕಟ್ಟೆಯ ದರ ಜಿಗಿದಾಗ ಅಗ್ಗದ ಕಂಪನಿಗಳು ಕೆಲವು ಇದ್ದಕ್ಕಿದ್ದ ಹಾಗೆ ಸರಬರಾಜು ನಿಲ್ಲಿಸಿದವು. ಆಗಲೂ ಯಾರ ಮನೆಯ ದೀಪವೂ ಆರಲಿಲ್ಲ, ಗ್ರುಂಡ್‌ಫೆರ್‌ಸೋರ್ಗರ್ ಎತ್ತಿಕೊಂಡಿತು. ಆದರೆ ದರ ಏರಿತು.

ಲೈಪ್‌ಜಿಗ್ ಹೊಸಬಳು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಹೌಸ್‌ಫೆರ್‌ವಾಲ್ಟುಂಗ್‌ಗೆ ಮೇಲ್ ಹಾಕಿದ್ದೆ, ಮೀಟರ್ ನಂಬರ್ ಕಳಿಸಿದ್ರು. ಮಾಲೋ ಐಡಿ ಗೊತ್ತಿಲ್ಲ ಅಂದ್ರು. ಇನ್ನೊಂದು ವಿಷಯ: ಬಚ್ಚಲಲ್ಲಿ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಇದೆ, ನೀರು ತಿರುಗಿಸಿದ ತಕ್ಷಣ ಬಿಸಿಯಾಗಿ ಬರುತ್ತೆ, ಟ್ಯಾಂಕ್ ಇಲ್ಲ. ಇದು ಕರೆಂಟಿಂದಾ? ಲೆಕ್ಕ ಬದಲಾಗುತ್ತಾ?

ಕರಾವಳಿ, ಹ್ಯಾಂಬರ್ಗ್

ಗ್ಯಾಸ್ ಪೈಪ್ ಇಲ್ಲದಿದ್ದರೆ ಅದು ಡುರ್ಖ್‌ಲಾವುಫ್‌ಎರ್‌ಹಿಟ್ಸರ್, ಕರೆಂಟಿನದ್ದೇ. ಲೆಕ್ಕ ಪೂರ್ತಿ ಬದಲಾಗ್ತದೆ, ಕೇಳಿದ್ದು ಒಳ್ಳೆಯದಾಯ್ತು. ನಮ್ಮೂರಿನ ಟ್ಯಾಂಕ್ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. ಇದು 18, 21, 24 ಕಿಲೋವ್ಯಾಟ್ ಎಲ್ಲ ಇರ್ತದೆ. ಪೆಟ್ಟಿಗೆಯ ಚೀಟಿಯಲ್ಲಿ ಬರೆದಿರ್ತದೆ ನೋಡಿ. 21 ಕಿಲೋವ್ಯಾಟಿನದ್ದು ಪೂರ್ತಿ ಶಕ್ತಿಯಲ್ಲಿ ಹತ್ತು ನಿಮಿಷ ಓಡಿದರೆ ಮೂರೂವರೆ ಯೂನಿಟ್. 28 ಸೆಂಟ್ ದರದಲ್ಲಿ ಒಂದು ಸ್ನಾನಕ್ಕೆ ಹತ್ತಿರ ಹತ್ತಿರ ಒಂದು ಯೂರೋ.

ಬಿಸಿನೀರೂ ಕರೆಂಟಿನಲ್ಲೇ ಆದರೆ ಇಬ್ಬರಿಗೆ 3000 ಯೂನಿಟಿನ ಹತ್ತಿರ ಹಿಡಿಯಿರಿ. ನಾನು ಮೇಲೆ ಹೇಳಿದ ಅದೇ ಎರಡು ದರಕ್ಕೆ ಈಗ ಹಾಕಿ: ಮೊದಲನೆಯದು 840 ಪ್ಲಸ್ 216, 1056 ಯೂರೋ. ಎರಡನೆಯದು 960 ಪ್ಲಸ್ 108, 1068. ಈಗ ಮೊದಲನೆಯದೇ ಅಗ್ಗ. 2700 ಯೂನಿಟಿನ ಹತ್ತಿರ ಎರಡೂ ಸಮ ಆಗಿ ಅಲ್ಲಿಂದ ಮುಂದೆ ತಿರುಗ್ತದೆ. ಸೈಟಿನಲ್ಲಿ "ಇಬ್ಬರು" ಅಂತ ಚಿತ್ರ ಒತ್ತಿ ಬಿಡಬೇಡಿ, ಯೂನಿಟ್ ನೀವೇ ಬರೆಯಿರಿ.

ಬರ್ಲಿನ್ ಅಕ್ಕ

ಮಾಲೋ ಐಡಿ ಸಿಗದಿದ್ದರೂ ನಿಲ್ಲಬೇಡ. ಮೀಟರ್ ನಂಬರ್ ಮತ್ತು ವಿಳಾಸ ಸರಿಯಾಗಿ ಕೊಟ್ಟರೆ ಹೊಸ ಕಂಪನಿಯೇ ಹುಡುಕಿಕೊಳ್ಳುತ್ತೆ. ವಿಳಾಸದಲ್ಲಿ ಹಿಂದಿನ ಕಟ್ಟಡ, ಎಡಭಾಗ, ಮೂರನೇ ಮಹಡಿ ಅಂತೆಲ್ಲ ಕರಾರಿನಲ್ಲಿ ಇದ್ದರೆ ಅದನ್ನೂ ಹಾಗೇ ಬರಿ. ಒಂದೇ ಬಾಗಿಲು ನಂಬರಿನಲ್ಲಿ ಇಪ್ಪತ್ತು ಮನೆ ಇರುತ್ತೆ.

ಆಖನ್ ವಿದ್ಯಾರ್ಥಿ

ಒಂದು ಪ್ರಶ್ನೆ ಸೇರಿಸ್ತೀನಿ. ನಾನು ಬಂದು ಸ್ವಲ್ಪ ಸಮಯ ಆಗಿದೆ ಅಷ್ಟೇ, ಸಾಲ, ಬಿಲ್ ಕಟ್ಟಿದ ಲೆಕ್ಕ ಇಡೋ ಸಂಸ್ಥೆ ಶುಫಾದಲ್ಲಿ ಏನೂ ದಾಖಲೆ ಇಲ್ಲ. ಮೂವರು ಸೇರಿ ಮನೆ ಹಿಡಿದಿದ್ದೀವಿ. ಅಗ್ಗದ ಒಂದು ಕಂಪನಿಗೆ ಅರ್ಜಿ ಹಾಕಿದ್ರೆ ಕಾರಣ ಹೇಳದೆ ಆಗಲ್ಲ ಅಂದ್ರು. ಈಗ?

ಮೈಸೂರು ಟು ಮ್ಯೂನಿಕ್

ಖಾಸಗಿ ಕಂಪನಿಗಳು ಬೇಡ ಅನ್ನಬಹುದು. ಗ್ರುಂಡ್‌ಫೆರ್‌ಸೋರ್ಗರ್ ಹಾಗೆ ಅನ್ನೋ ಹಾಗಿಲ್ಲ, ಮನೆಬಳಕೆಯವರಿಗೆ ಕೊಡಲೇಬೇಕು ಅಂತ ಕಾನೂನೇ ಇದೆ. ಅದಕ್ಕೇ ಅದನ್ನ ಬರೀ ದುಬಾರಿ ಅಂತ ಬೈಯೋದು ಸರಿಯಲ್ಲ, ಹೊಸದಾಗಿ ಬಂದವರ ಕೈಬಿಡದೇ ಇರೋದೂ ಅದೇ. ಸದ್ಯಕ್ಕೆ ಅಲ್ಲಿರಿ, ಅವರದೇ ಇನ್ನೊಂದು ಅಗ್ಗದ ಟಾರಿಫ್ ಬಹಳ ಸಲ ಇರುತ್ತೆ, ಅದನ್ನ ಕೇಳಿ. ಬೇರೆ ಕಂಪನಿಗೂ ಅರ್ಜಿ ಹಾಕ್ತಾ ಇರಿ, ಎಲ್ಲರ ಅಳತೆಗೋಲೂ ಒಂದೇ ಅಲ್ಲ.

ಮೂವರಿದ್ದೀರಲ್ಲ, ಯಾರ ಹೆಸರಲ್ಲಿ ಒಪ್ಪಂದವೋ ಅವರನ್ನೇ ಕಂಪನಿ ಹಿಡಿಯೋದು. ಉಳಿದಿಬ್ಬರು ಎಷ್ಟು ಕೊಡಬೇಕು, ಮನೆ ಬಿಟ್ಟುಹೋಗುವಾಗ ವರ್ಷದ ಬಿಲ್ಲಿನ ಬಾಕಿ ಹೇಗೆ ಅಂತ ಈಗಲೇ ಮೂವರೂ ಸಹಿ ಹಾಕಿ ಬರೆದಿಟ್ಟುಕೊಳ್ಳಿ. ಸ್ನೇಹಿತರ ಮಧ್ಯೆ ಕಾಗದ ಯಾಕೆ ಅಂತ ಅನ್ನಿಸಬಹುದು. ಸ್ನೇಹ ಉಳಿಯೋದಕ್ಕೇ ಕಾಗದ.

ಕೊಲೋನ್ ಕೊಡಗು

ಯಾರೂ ಹೇಳದ್ದು ಒಂದು. ಹೊಸ ಮನೆಗೆ ಹೋದ ಮೇಲೆ ಫೋನ್ ಬರುತ್ತೆ, ಇಲ್ಲಾ ಬಾಗಿಲು ಬಡಿದು ಬರ್ತಾರೆ. "ನಿಮ್ಮ ಶ್ಟಾಟ್‌ವೆರ್ಕೆಯಿಂದ, ಮೀಟರ್ ನಂಬರ್ ಒಂದು ಸಲ ಖಚಿತಪಡಿಸಿ" ಅಂತ ಬಹಳ ಮರ್ಯಾದೆಯಿಂದ ಕೇಳ್ತಾರೆ. ಕೊಡಬೇಡಿ. ಹೆಸರು, ವಿಳಾಸ, ಮೀಟರ್ ನಂಬರ್ ಇದ್ದರೆ ನಿಮಗೆ ಗೊತ್ತಿಲ್ಲದೇ ನಿಮ್ಮನ್ನ ಬೇರೆ ಕಂಪನಿಗೆ ಸೇರಿಸುವ ಪ್ರಯತ್ನ ಮಾಡಬಹುದು. ಗ್ರುಂಡ್‌ಫೆರ್‌ಸೋರ್ಗರ್ ಬಿಟ್ಟು ಬೇರೆ ಯಾವ ಕರೆಂಟ್ ಒಪ್ಪಂದಕ್ಕೂ 2021ರಿಂದ ಬರಹದ ಒಪ್ಪಿಗೆ ಬೇಕು, ಅದು ಇಮೇಲ್ ಆದರೂ ಸಾಕು. ಫೋನಿನಲ್ಲಿ "ಯಾ" (ಹೌದು) ಅಂದ ಮಾತ್ರಕ್ಕೆ ಒಪ್ಪಂದ ಆಗಲ್ಲ. ಗೊತ್ತಿಲ್ಲದೇ ಏನೋ ಕಾಗದ ಬಂದರೆ 14 ದಿನದೊಳಗೆ ವೀಡರ್‌ರೂಫ್ ಕಳಿಸಿ, ಬೇಡ ಅಂತ ಎರಡು ಸಾಲು ಬರೆದರೆ ಸಾಕು. ಭಾಷೆ ಬರದ ನಮ್ಮ ತಂದೆತಾಯಿ ಇಲ್ಲಿಗೆ ಬಂದಾಗ ಮನೆಯಲ್ಲಿ ಒಬ್ಬರೇ ಇರ್ತಾರೆ, ಅವರಿಗೂ ಹೇಳಿಡಿ.

ನ್ಯೂರೆನ್‌ಬರ್ಗ್ ತುಮಕೂರು

ನಾನು ಈಗಿರುವ ಮನೆಯಿಂದ ಬೇರೆ ಮನೆಗೆ ಹೋಗ್ತಿದ್ದೀನಿ. ಒಪ್ಪಂದ ಇನ್ನೂ ಎಂಟು ತಿಂಗಳಿದೆ. ಬಿಡಬಹುದಾ?

ಬರ್ಲಿನ್ ಅಕ್ಕ

ಮನೆ ಬದಲಾಯಿಸುವಾಗ ಆರು ವಾರದ ನೋಟಿಸ್ ಕೊಟ್ಟು ಅವಧಿಗೆ ಮೊದಲೇ ಬಿಡುವ ಹಕ್ಕಿದೆ. ಹೊಸ ವಿಳಾಸ ಬರೆದೇ ಕೊಡಬೇಕು. ಅದೇ ಷರತ್ತಿನಲ್ಲಿ ಹೊಸ ಮನೆಗೂ ಕೊಡ್ತೀವಿ ಅಂತ ಎರಡು ವಾರದೊಳಗೆ ಅವರು ಬರೆದು ತಿಳಿಸಿದರೆ ಮಾತ್ರ ಬಿಡೋಕಾಗಲ್ಲ. ದರ ಏರಿಸಿದಾಗ ಬೇರೆ ಲೆಕ್ಕ: ಕನಿಷ್ಠ ಒಂದು ತಿಂಗಳು ಮೊದಲು ಅವರು ತಿಳಿಸಬೇಕು, ಹೊಸ ದರ ಜಾರಿಯಾಗುವ ದಿನಕ್ಕೆ ನೀವು ಬಿಡಬಹುದು. ಈ ಪತ್ರವನ್ನ ನೀವೇ ಕಳಿಸಿ, ಹೊಸ ಕಂಪನಿ ಕಳಿಸಲಿ ಅಂತ ಕಾಯಬೇಡಿ. ಇನ್ನು ಮೊದಲ ಅವಧಿ ಮುಗಿದ ಮೇಲೆ ಮತ್ತೊಂದು ವರ್ಷಕ್ಕೆ ಕಟ್ಟಿಹಾಕುವ ಹಾಗಿಲ್ಲ. 2022ರ ಮಾರ್ಚ್ ನಂತರದ ಒಪ್ಪಂದಗಳಲ್ಲಿ ಆಮೇಲೆ ಒಂದು ತಿಂಗಳ ನೋಟಿಸ್ ಸಾಕು.

24 ಗಂಟೆ ಅನ್ನೋದನ್ನ ಕೇಳಿ ಇವತ್ತು ಬೇಡ ಅಂದರೆ ನಾಳೆ ಮುಗೀತು ಅಂತ ಅಂದುಕೊಂಡವರು ಇದ್ದಾರೆ. ಅದು ನೋಂದಣಿಯ ವೇಗ ಮಾತ್ರ. ಒಪ್ಪಂದದ ಅವಧಿ ಹಾಗೇ ಇರುತ್ತೆ.

ಫ್ರಾಂಕ್‌ಫರ್ಟ್ ಟೆಕ್ಕಿ

ಇಷ್ಟೆಲ್ಲ ಯಾಕೆ, ಡೈನಾಮಿಕ್ ಟಾರಿಫ್ ತಗೊಳ್ಳಿ. 2025ರಿಂದ ಎಲ್ಲಾ ಕಂಪನಿಗಳೂ ಅದನ್ನ ಕೊಡಲೇಬೇಕು. ಮಧ್ಯಾಹ್ನ ಬಿಸಿಲು, ರಾತ್ರಿ ಗಾಳಿ ಇದ್ದಾಗ ಯೂನಿಟ್ ದರ ಇಳಿಯುತ್ತೆ, ಆಗ ವಾಷಿಂಗ್ ಮೆಷಿನ್ ಹಾಕಿದ್ರಾಯ್ತು.

ಕರಾವಳಿ, ಹ್ಯಾಂಬರ್ಗ್

ಎಲೆಕ್ಟ್ರಿಕ್ ಕಾರು, ಹೀಟ್ ಪಂಪ್ ಇದ್ದವರಿಗೆ ಸರಿ. ಇವರ ಮನೆಯಲ್ಲಿ ಹೆಚ್ಚು ಎಳೆಯುವುದು ಸ್ನಾನದ ನೀರು. ಅದು ಬೆಳಿಗ್ಗೆ ಮತ್ತು ಸಂಜೆ, ದರ ಮೇಲಿರುವ ಹೊತ್ತಿಗೇ. ಮಧ್ಯಾಹ್ನದ ಬಿಸಿಲಿಗೆ ಅಂತ ಸ್ನಾನ ಮುಂದೂಡಲಿಕ್ಕೆ ಆಗ್ತದಾ? ಮೇಲಾಗಿ ರೀಡಿಂಗನ್ನು ತಾನೇ ಕಳಿಸುವ ಸ್ಮಾರ್ಟ್ ಮೀಟರ್ ಬೇಕು, ಹುಬ್ಬಳ್ಳಿಯವರು ಹೇಳಿದ ಸಾದಾ ಡಿಜಿಟಲ್ ಮೀಟರ್ ಸಾಲದು. ಬಾಡಿಗೆ ಮನೆಗೆ ಮೊದಲ ವರ್ಷ ನಿಗದಿತ ದರವೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಫ್ರಾಂಕ್‌ಫರ್ಟ್ ಟೆಕ್ಕಿ

ಸ್ನಾನದ ನೀರಿನ ವಿಷಯ ಒಪ್ಪಿದೆ. ನಮ್ಮ ಬಿಲ್ಡಿಂಗಲ್ಲಿ ಬಿಸಿನೀರು ಸೆಂಟ್ರಲ್, ಅದಕ್ಕೆ ನನಗೆ ಸರಿಹೋಗಿದೆ.

ಲೈಪ್‌ಜಿಗ್ ಹೊಸಬಳು

ಒಂದು ವರ್ಷದ ಒಪ್ಪಂದ, ಒಂದು ವರ್ಷದ ಗ್ಯಾರಂಟಿ, 3000 ಯೂನಿಟ್ ಹಾಕಿ ಐನ್‌ಟ್ಸುಗ್ ಅಂತಲೇ ಅರ್ಜಿ ಕೊಟ್ಟೆ. ಒಂದನೇ ತಾರೀಖಿಂದ ಶುರು ಅಂತ ಮೇಲ್ ಬಂತು. ಅದರಲ್ಲಿ ತಿಂಗಳ ಅಬ್‌ಶ್ಲಾಗ್ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಇದೆ, 65 ಯೂರೋ. ಇದು ಒಳ್ಳೇದೇ ಅಲ್ವಾ? ಹಾಗೇ ಗ್ಯಾಸಿಗೂ ಹೀಗೇ ಆರಿಸಬೇಕಾ?

ಮೈಸೂರು ಟು ಮ್ಯೂನಿಕ್

ಒಳ್ಳೇದಲ್ಲ. ಅಬ್‌ಶ್ಲಾಗ್ ಅಂದರೆ ಬಿಲ್ ಅಲ್ಲ, ಅಂದಾಜಿನ ಕಂತು. ವರ್ಷದ ಕೊನೆಗೆ ಮೀಟರ್ ನೋಡಿ ಲೆಕ್ಕ ಹಾಕ್ತಾರೆ, ಕಡಿಮೆ ಕಟ್ಟಿದ್ದರೆ ನಾಖ್‌ಟ್ಸಾಲುಂಗ್ ಅಂತ ಒಟ್ಟಿಗೆ ಕೇಳ್ತಾರೆ. ನಿಮ್ಮ ಅಂದಾಜು ವರ್ಷಕ್ಕೆ 1056ರ ಹತ್ತಿರ ಇದ್ದರೆ ಹನ್ನೆರಡರಿಂದ ಭಾಗಿಸಿ, 88 ಬರುತ್ತೆ. 65ರಂತೆ ಕಟ್ಟಿದ್ರೆ ವರ್ಷದ ಕೊನೆಗೆ 276 ಯೂರೋ ಬಾಕಿ. ಬೋನಸ್ ಮುಂಚೆಯೇ ಕಳೆದಿದ್ದಾರಾ, ಯೂನಿಟ್ ಕಡಿಮೆ ಹಿಡಿದಿದ್ದಾರಾ ಅಂತ ಮೇಲ್‌ನಲ್ಲಿ ನೋಡಿ, ಅವರ ಆಪ್‌ನಲ್ಲೇ 88ಕ್ಕೆ ಏರಿಸಿಕೊಳ್ಳಿ. ಎರಡು ತಿಂಗಳಿಗೊಮ್ಮೆ ಮೀಟರ್ ನೋಡಿ ಬರೆದಿಟ್ಟರೆ ಅಂದಾಜು ಸರಿಯಿದೆಯಾ ಗೊತ್ತಾಗುತ್ತೆ.

ಹೀಟಿಂಗ್ ವಾರ್ಮ್‌ಮೀಟೆಯಲ್ಲಿ ಸೇರಿದೆ ಅಂದ್ರಲ್ಲ, ಹಾಗಾದ್ರೆ ಗ್ಯಾಸ್ ಒಪ್ಪಂದ ಓನರ್‌ದೇ, ನಿಮ್ಮ ಕೈಯಲ್ಲಿಲ್ಲ. ಅಡುಗೆಗೆ ಗ್ಯಾಸ್ ಒಲೆ ಇದ್ದರೆ ಮಾತ್ರ ನಿಮ್ಮ ಹೆಸರಿಗೆ ಬೇರೆ ಮೀಟರ್ ಇದೆಯಾ ಅಂತ ಕೇಳಿ.

ಹುಬ್ಬಳ್ಳಿ ಮಂದಿ, ಸ್ಟುಟ್‌ಗಾರ್ಟ್

ಮುಂದ ಯಾವಾಗರ ಬಿಲ್‌ನ್ಯಾಗ ತಪ್ಪು ಕಂಡ್ರ ಮೊದಲು ಕಂಪನಿಗೆ ಬರದು ದೂರು ಕೊಡ್ರಿ. ನಾಲ್ಕು ವಾರದಾಗ ಅವರು ಉತ್ತರ ಕೊಡಬೇಕು. ಕೊಡಲಿಲ್ಲ, ಇಲ್ಲಾ ಒಪ್ಪಲಿಲ್ಲ ಅಂದ್ರ ಇಂಥ ಜಗಳ ಬಗಿಹರಿಸೋ ಸಂಸ್ಥೆ, ಬರ್ಲಿನ್‌ನ್ಯಾಗಿನ ಶ್ಲಿಖ್ಟುಂಗ್ಸ್‌ಶ್ಟೆಲ್ಲೆ ಎನೆರ್ಗೀಗೆ ಆನ್‌ಲೈನ್ ಅರ್ಜಿ ಹಾಕ್ರಿ, ಗ್ರಾಹಕರಿಗೆ ಖರ್ಚಿಲ್ಲ. ಪತ್ರ ಬರಿಯೋದು ತಿಳೀಲಿಲ್ಲಂದ್ರ ನಿಮ್ಮೂರಿನ ಗ್ರಾಹಕ ಸಲಹಾ ಕೇಂದ್ರ, ಅಂದ್ರ ಫೆರ್‌ಬ್ರಾವುಖರ್‌ಟ್ಸೆಂಟ್ರಾಲೆಗೆ ಹೋಗ್ರಿ, ಅಲ್ಲಿ ಸಣ್ಣ ಫೀ ತಗೊಂಡು ಕಾಗದ ಓದಿ ಹೇಳತಾರ. ಕೀ ತಗೊಳ್ಳೋ ದಿನದ ರೀಡಿಂಗನ್ನ ಅವತ್ತ ರಾತ್ರಿನ ಹೊಸ ಕಂಪನಿಗೆ ಕಳಿಸಿಬಿಡ್ರಿ.